ಹಿಮಕ್ಕೆ ಕಿತ್ತುಬರುವ ಸೂರಿನ ದೋಣಿ

ಪ್ರಶ್ನೆ: ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಚಳಿಗಾಲದಲ್ಲಿ ಅವರ ಮನೆಯ ಸೂರಿನ ದೋಣಿ ಕಿತ್ತು ಜೋತುಬಿದ್ದಿದೆಯಂತೆ. ಇಲ್ಲಿ ಜಡಿಮಳೆಗೂ ಅಲುಗದ ತಗಡು ಅಲ್ಲೇಕೆ ಕೀಳುತ್ತದೆ? ಈಗಲೇ ರಿಪೇರಿ ಮಾಡಿಸಬಹುದೇ?
– ಓದುಗರೊಬ್ಬರು, ಮೇಡ್ಲೇರಿ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಮಳೆನೀರು ದೋಣಿಯಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಹಿಮ ಹಾಗಲ್ಲ. ಹೀಟರಿನ ಬಿಸಿ ಅಟ್ಟ ದಾಟಿ ಮಾಡಿಗೆ ತಾಗಿದಾಗ ಹಿಮ ತಳದಲ್ಲಿ ಕರಗಿ ಕೆಳಗಿಳಿಯುತ್ತದೆ. ಗೋಡೆಯಾಚೆ ಚಾಚಿದ ಸೂರಿಗೆ ಆ ಬಿಸಿಯಿಲ್ಲ. ನೀರು ಅಲ್ಲಿ ಮತ್ತೆ ಗಡ್ಡೆಕಟ್ಟಿ ದಿನದಿನಕ್ಕೆ ಒಡ್ಡಾಗಿ ಬೆಳೆಯುತ್ತದೆ. ಗಡ್ಡೆಕಟ್ಟುವಾಗ ನೀರಿನ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ದೋಣಿಯ ಜೋಡಣೆ ಬಿರಿಯುತ್ತದೆ, ಭಾರಕ್ಕೆ ಮೊಳೆ ಕಿತ್ತುಬರುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಸಂದಿಯಿಂದ ಒಳಗೂ ಇಳಿದು ಗೋಡೆ, ಸೀಲಿಂಗ್ ನೆನೆಸುತ್ತದೆ.

ಈಗ ರಿಪೇರಿ ಬೇಡ. ಸುತ್ತಿಗೆಯಿಂದ ಗಡ್ಡೆ ಒಡೆಯಲು ಹೋದರೆ ಮಾಡಿನ ಹೊದಿಕೆಯೂ ಒಡೆದೀತು. ಏಣಿ ಜಾರುವ ಅಪಾಯ ಬೇರೆ. ಒದ್ದೆ ತಗಡಿಗೆ ಸೀಲೆಂಟ್ ಹಿಡಿಯುವುದೂ ಇಲ್ಲ. ಜೋತ ಭಾಗದ ಕೆಳಗೆ ಯಾರೂ ಓಡಾಡದಿರಲಿ. ನೆಲದ ಮೇಲೆ ನಿಂತೇ ಉದ್ದ ಹಿಡಿಯ ಕುಂಟೆಯಂಥ ಸಲಕರಣೆಯಿಂದ ಸೂರಿನಂಚಿನ ಹಿಮ ಎಳೆದುಹಾಕಲಿ.

ಹಿಮ ಕರಗಿದ ಮೇಲೆ ಮೊಳೆಯ ಬದಲು ಸ್ಕ್ರೂ ಬಿಗಿಯುವ ಕೊಕ್ಕೆಗಳನ್ನು ಹತ್ತಿರ ಹತ್ತಿರ ಹಾಕಿಸಲಿ. ಅದಕ್ಕಿಂತ ಮುಖ್ಯವಾದದ್ದು ಅಟ್ಟದ ನೆಲಕ್ಕೆ ಶಾಖ ತಡೆಯುವ ಹಾಸು. ಬಿಸಿ ಮೇಲೇರದಿದ್ದರೆ ಒಡ್ಡು ಕಟ್ಟುವುದೇ ಕಡಿಮೆ. ಮುಂಗಾರಿಗೆ ಮುಂಚೆ ನೀವು ಮಾಳಿಗೆಯ ಕಸ ತೆಗೆದು ದೋಣಿ ಬಿಡಿಸುವಂತೆ, ಅವರು ಅಕ್ಟೋಬರ್ ಕೊನೆಯಿಂದ ನವೆಂಬರಿನೊಳಗೆ ಉದುರೆಲೆ ತೆಗೆಸಲಿ.