ಹಳ್ಳಿಯ ಹೆಂಗಸರ ಸಭೆಗೆ ಅಳತೆಗೋಲು ಸಿಕ್ಕಿದ ಬಗೆ

ಪ್ರಾಥಮಿಕ ಆರೋಗ್ಯ ಸೇವೆಯ ಯೋಜನೆಯಲ್ಲಿಯೂ ಅನುಷ್ಠಾನದಲ್ಲಿಯೂ ಪಾಲ್ಗೊಳ್ಳುವುದು ಜನರ ಹಕ್ಕು ಮತ್ತು ಕರ್ತವ್ಯವೆಂದು 1978ರ ಆಲ್ಮಾ-ಆಟಾ ಘೋಷಣೆ ಸಾರಿತಾದರೂ, ಹಾಗೆ ಪಾಲ್ಗೊಂಡದ್ದರಿಂದ ಆದ ಪ್ರಯೋಜನವನ್ನು ಅಳೆಯುವ ಕ್ರಮ ಬಹುಕಾಲ ರೂಪುಗೊಳ್ಳಲಿಲ್ಲ. 1990ರ ದಶಕದ ಆರಂಭದಲ್ಲಿ ಬೊಲಿವಿಯಾದ ಇನ್‌ಕಿಸಿವಿ ಪ್ರಾಂತ್ಯದಲ್ಲಿ, ಹೆಂಗಸರ ಗುಂಪುಗಳು ಬಸಿರು-ಬಾಣಂತನದ ತೊಂದರೆಗಳನ್ನು ತಾವೇ ಗುರುತಿಸಿ ಪರಿಹಾರ ನಿರ್ಧರಿಸಿದ ‘ವಾರ್ಮಿ’ ಯೋಜನೆಯ ನಂತರ, ಹೆರಿಗೆಯ ಆಸುಪಾಸಿನ ಶಿಶುಮರಣ ಸಾವಿರಕ್ಕೆ 117ರಿಂದ 44ಕ್ಕೆ ಇಳಿಯಿತು. ಆದರೆ ಹೋಲಿಸಿ ನೋಡಲು ಗುಂಪುಗಳಿಲ್ಲದ ಹಳ್ಳಿಗಳ ಲೆಕ್ಕವಿಲ್ಲದ್ದರಿಂದ, ಇಳಿಕೆಗೆ ಸಭೆಯೇ ಕಾರಣವೆನ್ನಲು ಆಧಾರ ಸಾಲಲಿಲ್ಲ.

ಈ ಕೊರತೆಯನ್ನು ತುಂಬಿದ್ದು ನೇಪಾಳದ ಮಕವಾನ್‌ಪುರ. ಅಲ್ಲಿನ ಗ್ರಾಮಾಡಳಿತ ಪ್ರದೇಶಗಳಲ್ಲಿ 12 ಜೋಡಿಗಳನ್ನು ಆರಿಸಿ, ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಗುಂಪು ಎಂಬುದನ್ನು ಚೀಟಿ ಎತ್ತುವಂತೆ ಅದೃಷ್ಟಕ್ಕೆ ಬಿಟ್ಟು ನಡೆಸಿದ ಪ್ರಯೋಗದಲ್ಲಿ (ಇದನ್ನು ಯಾದೃಚ್ಛಿಕ ಪ್ರಯೋಗವೆನ್ನುತ್ತಾರೆ), ಹುಟ್ಟಿದ 28 ದಿನಗಳೊಳಗಿನ ಮರಣ ಗುಂಪುಗಳಿದ್ದಲ್ಲಿ ಸಾವಿರಕ್ಕೆ 26.2, ಇಲ್ಲದಲ್ಲಿ 36.9 ಎಂದು 2004ರಲ್ಲಿ ಪ್ರಕಟವಾಯಿತು.

ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿ ‘ಏಕಜುಟ್’ ಸಂಸ್ಥೆ 2005ರಿಂದ 2008ರವರೆಗೆ ನಡೆಸಿದ ಇಂಥದೇ ಪ್ರಯೋಗ ಇನ್ನೂ ಕುತೂಹಲಕರವಾದುದು. ಮೂರು ವರ್ಷಗಳಲ್ಲಿ ನವಜಾತ ಶಿಶುಮರಣ ಶೇ. 32ರಷ್ಟು ಕಡಿಮೆಯಾದರೂ, ಆಸ್ಪತ್ರೆಗೆ ಹೋಗುವವರ ಪ್ರಮಾಣ ಗಮನಾರ್ಹವಾಗಿ ಏರಿರಲಿಲ್ಲ; ಬದಲಾದದ್ದು ಸೂಲಗಿತ್ತಿ ಕೈ ತೊಳೆದುಕೊಳ್ಳುವುದು, ಹೊಕ್ಕುಳಬಳ್ಳಿ ಕಟ್ಟುವ ದಾರವನ್ನು ಕುದಿಸುವುದು ಮುಂತಾದ, ಮನೆಯೊಳಗೇ ಆಗುವ ಕೆಲಸಗಳು. ಮೂರನೆಯ ವರ್ಷದಲ್ಲಿ ತಾಯಂದಿರಲ್ಲಿ ಮಧ್ಯಮ ತೀವ್ರತೆಯ ಖಿನ್ನತೆಯೂ ಶೇ. 57ರಷ್ಟು ಕಡಿಮೆಯಿತ್ತು. ಸಾವುಗಳನ್ನಷ್ಟೇ ಎಣಿಸುವ ಅಳತೆಗೋಲು ಇದನ್ನು ಕಾಣುತ್ತಲೇ ಇರಲಿಲ್ಲ.

ಆದರೆ 2010ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಪ್ರಯೋಗದಲ್ಲಿ ಇದೇ ವಿಧಾನದಿಂದ ಗಣನೀಯ ಫಲ ಕಾಣಲಿಲ್ಲ. ಅಲ್ಲಿ ಸುಮಾರು 1,414 ಜನರಿಗೆ ಒಂದು ಗುಂಪಿತ್ತು. ಮುಂದಿನ ಪ್ರಯೋಗದಲ್ಲಿ ಸುಮಾರು 309 ಜನರಿಗೆ ಒಂದರಂತೆ ಗುಂಪುಗಳನ್ನು ಹೆಚ್ಚಿಸಿದಾಗ ನವಜಾತ ಶಿಶುಮರಣ ಶೇ. 38ರಷ್ಟು ತಗ್ಗಿತು. ಹೀಗೆ, ಸೋತ ಪ್ರಯೋಗವೇ ಸಹಭಾಗಿತ್ವಕ್ಕೂ ಔಷಧಿಗಿರುವಂತೆ ಒಂದು ಪ್ರಮಾಣವಿದೆ ಎಂಬುದನ್ನು ತೋರಿಸಿಕೊಟ್ಟಿತು. ಬಾಂಗ್ಲಾದೇಶ, ಭಾರತ, ಮಲಾವಿ, ನೇಪಾಳಗಳ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯು, ಗರ್ಭಿಣಿಯರಲ್ಲಿ ಶೇ. 30ರಷ್ಟಾದರೂ ಗುಂಪಿಗೆ ಬಂದ ಕಡೆ ಫಲ ಬಹಳ ಹೆಚ್ಚೆಂದು ಕಂಡುಕೊಂಡಿತು.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಈ ವಿಧಾನವನ್ನು, ವಿಶೇಷವಾಗಿ ಆರೋಗ್ಯ ಸೇವೆ ಸುಲಭವಾಗಿ ಸಿಗದ ಗ್ರಾಮೀಣ ಪ್ರದೇಶಗಳಿಗೆ, ಶಿಫಾರಸು ಮಾಡಿತು. ನವಜಾತ ಶಿಶುಗಳ ವಿಷಯದಲ್ಲಿ ಸಾಕ್ಷ್ಯವನ್ನು ಮಧ್ಯಮ ಗುಣಮಟ್ಟದ್ದೆಂದೂ, ತಾಯಂದಿರ ಮರಣದ ವಿಷಯದಲ್ಲಿ ಕೆಳಮಟ್ಟದ್ದೆಂದೂ ಅದು ಗುರುತಿಸಿತ್ತು.