ಅಟ್ಟದ ಕೊಬ್ಬರಿ, ಆಕಾಶದ ಶ್ವೇತಕುಬ್ಜ

‘ಬಿ.ಎಸ್ಸಿ. ಮುಗೀತಲ್ಲ, ಮುಂದೇನಪ್ಪ?’ ತಿಪಟೂರಿನ ಕೊಬ್ಬರಿ ಮಂಡಿಯಿಂದ ಹಿಡಿದು ನೆಂಟರ ಮದುವೆ ಊಟದ ಪಂಕ್ತಿಯವರೆಗೆ ಎಲ್ಲರದೂ ಇದೇ ಪ್ರಶ್ನೆ. ‘ಖಗೋಳ ವಿಜ್ಞಾನ ಓದ್ತೀನಿ’ ಅಂದರೆ ‘ಜ್ಯೋತಿಷ್ಯನಾ?’ ಅನ್ನುತ್ತಾರೆ. ತಾತ ಮಾತ್ರ ‘ಅದರಲ್ಲಿ ಏನು ನೋಡ್ತಾರಪ್ಪ?’ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯಿಯನ್ನು ತಾತ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನೀರಿನ ಸದ್ದು ಹೋಗಿ ಉಂಡೆಯ ಸದ್ದು ಬಂದರೆ ಕೊಬ್ಬರಿ ಆಗಿದೆ ಎಂದರ್ಥ. ಒಡೆಯದೆಯೇ ಒಳಗಿನದು ತಿಳಿಯುತ್ತದೆ. ಖಗೋಳ ವಿಜ್ಞಾನಿಗಳು ಸದ್ದಿನ ಬದಲು ಬೆಳಕನ್ನು ಪರೀಕ್ಷಿಸುತ್ತಾರೆ.

ಸೂರ್ಯನಂಥ ನಕ್ಷತ್ರ ಇಂಧನ ಮುಗಿದ ಮೇಲೆ ಉಬ್ಬಿ, ಹೊರಪದರ ಕಳಚಿಕೊಂಡು, ಹೆಚ್ಚುಕಡಿಮೆ ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜವಾಗಿ ಉಳಿಯುತ್ತದೆ. ಅದರ ಗುರುತ್ವ ಎಷ್ಟು ಬಲವೆಂದರೆ ಭಾರದ ಧಾತುಗಳು ಒಳಗೆ ಮುಳುಗಿಬಿಡುತ್ತವೆ. ಮೇಲೆ ಕಾಣಬೇಕಾದ್ದು ಜಲಜನಕ ಇಲ್ಲವೇ ಹೀಲಿಯಂ ಮಾತ್ರ. ಆದರೂ ಹಲವು ಶ್ವೇತಕುಬ್ಜಗಳ ಬೆಳಕಿನಲ್ಲಿ ಕಬ್ಬಿಣ, ಸಿಲಿಕಾನ್, ಆಮ್ಲಜನಕದ ಗುರುತು ಸಿಗುತ್ತದೆ. ಎಲ್ಲಿಂದ ಬಂತು? ನಕ್ಷತ್ರ ಸತ್ತ ಮೇಲೂ ಉಳಿದಿದ್ದ ಕ್ಷುದ್ರಗ್ರಹಗಳು, ಗ್ರಹಗಳ ಚೂರುಗಳು ಹತ್ತಿರ ಬಂದು ಪುಡಿಯಾಗಿ ಅದರ ಮೇಲೆ ಬಿದ್ದಿವೆ. ಅಂದರೆ ಹಳೆಯ ಗ್ರಹಮಂಡಲ ಯಾವುದರಿಂದ ಆಗಿತ್ತು ಎಂಬುದು ಆ ಬೆಳಕಿನಲ್ಲೇ ಇದೆ.

ಈ ಗುರುತುಗಳಲ್ಲಿ ಹೆಚ್ಚಿನವು ಇರುವುದು ಅತಿನೇರಳೆ ಕಿರಣಗಳಲ್ಲಿ. ಅವನ್ನು ವಾತಾವರಣದ ಓಝೋನ್ ತಡೆಯುವುದರಿಂದ ದೂರದರ್ಶಕ ಬಾಹ್ಯಾಕಾಶದಲ್ಲೇ ಇರಬೇಕು. ಹಬಲ್ ದೂರದರ್ಶಕ ಹೀಗೆ ನೋಡಿದ ‘ಜಿಡಿ 61’ ಎಂಬ ಶ್ವೇತಕುಬ್ಜದ ಮೇಲೆ ಬಿದ್ದ ಕಲ್ಲಿನಲ್ಲಿ, ತೂಕದ ಶೇ 26ರಷ್ಟು ನೀರಿತ್ತು ಎಂದು 2013ರಲ್ಲಿ ತಿಳಿದುಬಂತು.

ನಮ್ಮದೂ ಒಂದು ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಹೊಸಕೋಟೆಯ ಕೇಂದ್ರದಲ್ಲಿ. ಸೂರ್ಯನಷ್ಟೇ ಹಳೆಯದೆನ್ನಬಹುದಾದ ‘ಎಂ67’ ಗುಚ್ಛದಲ್ಲಿ ದೊಡ್ಡ ನಕ್ಷತ್ರದ ಪ್ರಭೆಯಲ್ಲಿ ಅಡಗಿದ್ದ ಶ್ವೇತಕುಬ್ಜವನ್ನು ಅದು ಹಿಡಿದುಕೊಟ್ಟಿತು. ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು.

ಆಸ್ಟ್ರೋಸ್ಯಾಟ್ ದತ್ತಾಂಶ ಈಗ ಎಲ್ಲರಿಗೂ ಮುಕ್ತ. ನಾನು ಪೈಥಾನ್ ಕಲಿಯುತ್ತಿರುವುದು ಅದಕ್ಕಾಗಿಯೇ. ಸಂಶೋಧನೆ ಕೈಹಿಡಿಯದಿದ್ದರೂ ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕೆ ಆ ಕಲಿಕೆ ಆಗುತ್ತದೆ. ಎಂ.ಎಸ್ಸಿ. ಮಾಡಿ ‘ಜೆಸ್ಟ್’ ಪರೀಕ್ಷೆ ಪಾಸಾದರೆ ಪಿಎಚ್.ಡಿ.ಗೆ ಸಂದರ್ಶನ, ಸೀಟು ಸಿಕ್ಕರೆ ತಿಂಗಳು ತಿಂಗಳು ಶಿಷ್ಯವೇತನ. ದಾರಿ ಉದ್ದ, ಸೀಟು ಕಡಿಮೆ ಎಂಬುದೂ ಗೊತ್ತಿದೆ.

ಎಲ್ಲ ಕೇಳಿದ ತಾತ, ‘ಹಂಗಾದ್ರೆ ಸೂರ್ಯನೂ ಒಂದಿನ ಒಣಗಿ ಕೊಬ್ಬರಿ ಆಗ್ತಾನೆ ಅನ್ನು’ ಎಂದರು.

‘ಹೂಂ ತಾತ, ಇನ್ನೂ ಸುಮಾರು 500 ಕೋಟಿ ವರ್ಷ ಇದೆ.’

‘ಅವನಿಗೆ ಟೈಮಿದೆ. ನಿನಗಿಲ್ಲ. ಮೊದಲು ಎಂ.ಎಸ್ಸಿ. ಅರ್ಜಿ ಹಾಕು.’