ಟಿಕೆಟ್ ತೆಗೆದಾಯಿತು, ಕಾಲು ಸಿದ್ಧವಿಲ್ಲ

ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 1921ರಲ್ಲಿ ಶುರುವಾದ ಕಾಮ್ರೇಡ್ಸ್ ಮ್ಯಾರಥಾನ್‌ಗೆ ಈಗ ಬೆಂಗಳೂರಿನಿಂದಲೂ ಓಟಗಾರರು ಹೋಗುತ್ತಾರೆ. ದೂರ ಸುಮಾರು 88 ಕಿ.ಮೀ., ಗಡುವು 12 ಗಂಟೆ. ವೀಸಾ, ವಿಮಾನ, ಹೋಟೆಲು ಎಂದು ಹಣ ಕಟ್ಟಿದ ಮೇಲೆ ಜ್ವರವೋ ಕಚೇರಿಯ ಒತ್ತಡವೋ ಅಡ್ಡಬಂದು ಅಭ್ಯಾಸ ಕೈತಪ್ಪಿದರೆ, ‘ಇಷ್ಟು ಖರ್ಚಾಗಿದೆ, ಹೇಗೋ ಮುಗಿಸಿಬಿಡೋಣ’ ಅನಿಸುವುದು ಸಹಜ. ಆದರೆ ಆ ಹಣ ಓಡಿದರೂ ಬಾರದು, ಓಡದಿದ್ದರೂ ಬಾರದು. ಅದನ್ನು ಬದಿಗಿಟ್ಟು, ದೇಹ ಎಷ್ಟಕ್ಕೆ ಸಿದ್ಧವಾಗಿದೆ ಎಂಬುದೊಂದನ್ನೇ ನೋಡಬೇಕು.

ಸುಸ್ತಾದರೆ ನಡೆದು ಮುಗಿಸಬಹುದಲ್ಲ ಎನ್ನುವವರಿದ್ದಾರೆ. 88 ಕಿ.ಮೀ.ಯನ್ನು 12 ಗಂಟೆಗೆ ಹಂಚಿದರೆ ಗಂಟೆಗೆ ಏಳು ಕಿ.ಮೀ.ಗೂ ಹೆಚ್ಚು ಬರುತ್ತದೆ. ನಮ್ಮ ಸಾಮಾನ್ಯ ನಡಿಗೆ ಐದರ ಆಸುಪಾಸು. ಅರ್ಹತೆಗೆಂದು ಮ್ಯಾರಥಾನ್ ಓಡಿದ್ದೇವಲ್ಲ ಎಂದರೆ, ಆ 42 ಕಿ.ಮೀ. ಇಲ್ಲಿ ಅರ್ಧ ದಾರಿಯೂ ಅಲ್ಲ. ಅದರಲ್ಲೂ ಓಟ ಡರ್ಬನ್ ಕಡೆಗೆ ಇಳಿಯುವ ವರ್ಷಗಳಲ್ಲಿ ಅದು ಸುಲಭವೆಂದು ನಂಬುವುದು ದೊಡ್ಡ ತಪ್ಪು. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಪ್ರತಿ ಹೆಜ್ಜೆಗೂ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಇಳಿಜಾರಿನಲ್ಲಿ ಓಡಿ ಪಳಗಿದ ಕಾಲು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಪಳಗದ ಕಾಲು ತಾಳದು. ಹಾನಿ ಮಿತಿಮೀರಿದರೆ ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋವು ಮರೆಯಲೆಂದು ಐಬುಪ್ರೊಫೇನ್ ನುಂಗಿದರೆ ಮೂತ್ರಪಿಂಡಕ್ಕೆ ಇನ್ನಷ್ಟು ಅಪಾಯ. ನೀರನ್ನಾದರೂ ಧಾರಾಳವಾಗಿ ಕುಡಿಯೋಣವೆಂದರೆ ಅದಕ್ಕೂ ಮಿತಿಯಿದೆ: ಬಾಯಾರಿಕೆಗೆ ಮೀರಿ ಕುಡಿದು ರಕ್ತದ ಸೋಡಿಯಂ ಕುಸಿದ ಓಟಗಾರರ ವಿವರಗಳನ್ನು ಸಂಶೋಧಕ ಟಿಮ್ ನೋಕ್ಸ್ ಮತ್ತು ಸಂಗಡಿಗರು 1985ರಲ್ಲೇ ದಕ್ಷಿಣ ಆಫ್ರಿಕಾದಿಂದ ವರದಿ ಮಾಡಿದ್ದರು. ತಡವಾಗಿ ಸಾಗುವವರಿಗೆ ಕುಡಿಯಲು ಹೊತ್ತು ಹೆಚ್ಚು. ತಯಾರಿಯಿಲ್ಲದವರು ಸಾಗುವುದೂ ಹಾಗೆಯೇ.

ಮನೋಬಲದಿಂದ ಗೆದ್ದವರಿಲ್ಲವೇ? ಇದ್ದಾರೆ, ಅವರ ಛಲಕ್ಕೆ ನನ್ನಲ್ಲಿ ನಿಜವಾದ ಗೌರವವಿದೆ. ಆದರೆ ಛಲ ಮಾಡುವ ಕೆಲಸ ನೋವನ್ನು ಹಿಂದಕ್ಕೆ ತಳ್ಳುವುದು. ಹರಿದ ಎಳೆಯನ್ನು ಅದು ಕೂಡಿಸದು. ಕೆಲವೇ ವಾರಗಳಲ್ಲಿ ಉಸಿರು ಹದಕ್ಕೆ ಬರುತ್ತದೆ, ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಹಾಗಾಗಿ ಕೊನೆಯ ಗಳಿಗೆಯ ಅಭ್ಯಾಸ ಸುಳ್ಳು ಧೈರ್ಯ ಕೊಡುತ್ತದೆ. ಹೋಗಲೇಬೇಕೆಂದವರು ಯಾವ ಊರಿನಲ್ಲಿ ಓಟ ನಿಲ್ಲಿಸಬೇಕೆಂದು ಹೊರಡುವ ಮೊದಲೇ ಗೊತ್ತುಮಾಡಿ ಜೊತೆಗಾರರಿಗೆ ಹೇಳಿಡಲಿ. ದಾರಿಯ ನಡುವೆಯೂ ಗಡುವುಗಳಿವೆ, ಹಿಂದುಳಿದವರನ್ನು ಕರೆದೊಯ್ಯಲು ಬಸ್ಸುಗಳಿವೆ. ಅಲ್ಲಿ ಹತ್ತಿ ಕುಳಿತವರು ಮುಂದಿನ ವರ್ಷ ಮತ್ತೆ ಹೆಸರು ಕೊಡಬಹುದು.